ಬೀಗದೊಳಗಿನ ತಣ್ಣೀರು

ದೆವ್ವ ಭೂತಗಳ ಮಾತೆತ್ತಿದರೆ ನಾನು ನಕ್ಕುಬಿಡುತ್ತಿದ್ದೆ. ಸತ್ತವರ ಮೈಯನ್ನು ಕೈಯಾರೆ ಒರೆಸಿ ಮಲಗಿಸುವ ನರ್ಸಿಗೆ, ಅವರು ಎದ್ದು ಬರುವುದಿಲ್ಲವೆಂದು ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಈಗಲೂ ನಂಬುತ್ತೇನೆಂದು ಹೇಳಲಾರೆ. ನಗುವುದನ್ನು ಮಾತ್ರ ಬಿಟ್ಟಿದ್ದೇನೆ.

ಐವತ್ತರ ದಶಕದ ಕೊನೆಯ ಮಾತು. ಶಿಕಾರಿಪುರ, ಸೊರಬದ ಹಳ್ಳಿಗಳನ್ನು ಸುತ್ತುತ್ತಿದ್ದ ಸಂಚಾರಿ ಆಸ್ಪತ್ರೆಯ ವ್ಯಾನಿನಲ್ಲಿ ನನ್ನ ಕೆಲಸ. ಡಾಕ್ಟರು, ಡ್ರೈವರ್, ನಾನು, ಮೂರೇ ಜನ. ಅಡುಗೆ, ಊಟ, ನಿದ್ದೆ ಎಲ್ಲ ಅದರಲ್ಲೇ. ಸೀಟಿನ ಕೆಳಗೆ ನೀರಿನ ಟ್ಯಾಂಕು, ಬೇಸಿನ್ನಿನ ಪಕ್ಕ ಕೈಪಂಪು, ಮೂಲೆಯಲ್ಲಿ ಸೀಮೆಎಣ್ಣೆಯ ಫ್ರಿಜ್ಜು. ಕೆಳಗೆ ಬತ್ತಿ ಉರಿಯುತ್ತಿತ್ತು, ಮೇಲೆ ಮಂಜುಗಡ್ಡೆ ಕಟ್ಟುತ್ತಿತ್ತು. ಅದನ್ನು ನೋಡಿದ ಹಳ್ಳಿಯವರು ನಾನೇ ಮಾಟ ಮಾಡಿದೆನೇನೋ ಎಂಬಂತೆ ನನ್ನ ಮುಖ ನೋಡುತ್ತಿದ್ದರು. ಚುಚ್ಚುಮದ್ದುಗಳ ಜೊತೆ ಕಾಯಿಸಿ ಆರಿಸಿದ ನೀರಿನ ಒಂದು ಬಾಟಲಿಯನ್ನೂ ಅದರಲ್ಲಿಡುತ್ತಿದ್ದೆ.

ಜಡೆ ಎಂಬ ಊರಿನ ಆಚೆ ಒಂದು ಹಳ್ಳಿಯಲ್ಲಿ ಕಾಲರಾ ಎದ್ದಿತ್ತು. ನಾವು ತಲುಪುವ ಹೊತ್ತಿಗೆ ಹಾಲಮ್ಮ ಎಂಬುವರ ಹಿರಿಮಗಳು ತೀರಿಕೊಂಡಿದ್ದಳು. ಭೇದಿಯಾದವರಿಗೆ ನೀರು ಕೊಡಬಾರದೆಂಬುದು ಅಲ್ಲಿನವರ ನಂಬಿಕೆ. ನೀರು ನೀರು ಎಂದು ಬೇಡಿದ ಮಗಳಿಗೆ ಹಾಲಮ್ಮ, ಅವಳು ಬದುಕಲಿ ಎಂದೇ, ಒಂದು ಗುಟುಕೂ ಕೊಟ್ಟಿರಲಿಲ್ಲ. ಕಿರಿಯ ಮಗಳು ಗೌರಿಗೂ ಅದೇ ಕಾಯಿಲೆ. ಅಕ್ಕ ಹೋದದ್ದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳನ್ನು ವ್ಯಾನಿನಲ್ಲೇ ಮಲಗಿಸಿ ಸಲೈನ್ ಏರಿಸಿದೆವು.

ಸಂಜೆಗೆ ಸಲೈನ್ ಮುಗಿಯಿತು. ಗುಟುಕು ಗುಟುಕಾಗಿ ನೀರು ಕುಡಿಸುತ್ತಿರಿ ಎಂದು ಹೇಳಿ, ಹೊಸ ಬಾಟಲಿಗಳನ್ನು ತರಲು ಡಾಕ್ಟರು ಸೊರಬದ ಬಸ್ಸು ಹತ್ತಿದರು. ಮರೆವು ಅವರ ಹುಟ್ಟುಗುಣ, ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಮರೆತು ಫ್ರಿಜ್ಜಿನ ಬೀಗದ ಕೈಯನ್ನೂ ಜೇಬಿನಲ್ಲೇ ಒಯ್ದಿದ್ದರು. ಪಂಪು ಒತ್ತಿದರೆ ಬರೀ ಗಾಳಿ, ಟ್ಯಾಂಕು ಬರಿದಾಗಿತ್ತು. ಫ್ರಿಜ್ಜು ಒಡೆಯೋಣವೆಂದರೆ ಊರಿಗೆಲ್ಲ ಬೇಕಾದ ಮದ್ದು ಕೆಡುತ್ತದೆ. ಊರ ಬಾವಿಯ ನೀರನ್ನು ಹಾಗೇ ಕೊಡುವಂತಿರಲಿಲ್ಲ. ಡ್ರೈವರ್ ಸೇದಿ ತಂದದ್ದನ್ನು ವ್ಯಾನಿನ ಮುಂದೆಯೇ ಸ್ಟೋವಿನ ಮೇಲಿಟ್ಟು ಕುದಿಸತೊಡಗಿದೆ. ಹಾಲಮ್ಮ ವ್ಯಾನಿನ ಮೆಟ್ಟಿಲ ಮೇಲೆ ಬಾಗಿಲಿಗೆ ಅಡ್ಡವಾಗಿ ಕೂತಿದ್ದರು.

“ಕೊಡಬ್ಯಾಡ್ರೀ ನರ್ಸಮ್ಮ. ನೀರು ಕೊಟ್ರೆ ಇನ್ನೂ ಜಾಸ್ತಿ ಆಗ್ತತಿ. ಇದೊಂದಾದ್ರೂ ಉಳೀಲಿ.”

“ಕೊಡದಿದ್ರೇ ಹೋಗ್ತಾಳಮ್ಮ,” ಎಂದೆ. ಸಿಟ್ಟು, ಅಳು ಎರಡೂ ಒಟ್ಟಿಗೇ ಬಂದಿದ್ದವು.

ಆಗ ಒಳಗೆ ಫ್ರಿಜ್ಜಿನ ಬಾಗಿಲು ಮುಚ್ಚಿದ ಸದ್ದಾಯಿತು. ದಿನವೂ ಕೇಳುವ ಸದ್ದು, ಬೇರೆಯದಾಗಿರಲು ಸಾಧ್ಯವಿರಲಿಲ್ಲ. ಹಾಲಮ್ಮನನ್ನು ದಾಟಿ ಒಳಗೆ ಓಡಿದೆ. ಗೌರಿ ಮಲಗಿದ್ದಲ್ಲೇ ಇದ್ದಳು, ಆದರೆ ಒಣಗಿ ಒಡೆದಿದ್ದ ತುಟಿ ಒದ್ದೆಯಾಗಿತ್ತು, ಕುತ್ತಿಗೆಯ ಮೇಲೆ ನೀರು ಇಳಿದಿತ್ತು. ಬೇಸಿನ್ನಿನ ಪಕ್ಕ ನಮ್ಮ ಎರಡು ಲೋಟ. ಎರಡರ ಹೊರಮೈಯಲ್ಲೂ ಹನಿಗಟ್ಟಿತ್ತು. ಮುಟ್ಟಿದರೆ ಕೊರೆಯುವಷ್ಟು ತಣ್ಣಗಿದ್ದವು. ಫ್ರಿಜ್ಜಿನ ಬೀಗ ಹಾಕಿದ ಹಾಗೇ ಇತ್ತು. ನನಗೆ ನಿಜವಾಗಿ ಹೆದರಿಕೆಯಾಯಿತು.

ರಾತ್ರಿಯಿಡೀ ಕುದಿಸಿ ಆರಿಸಿದ ನೀರು ಕುಡಿಸಿದೆ. ಹಾಲಮ್ಮ ತಡೆಯಲಿಲ್ಲ. ಬೆಳಗಿನ ಬಸ್ಸಿಗೆ ಬಂದ ಡಾಕ್ಟರು ಬೀಗ ತೆಗೆದರು. ಮುಚ್ಚಳ ಬಿಗಿಯಾಗಿದ್ದ ಬಾಟಲಿ ಖಾಲಿ.

“ನೀವೇ ತುಂಬೋದು ಮರೆತಿರಬೇಕು,” ಎಂದರು, ಕೀ ಮರೆತು ಒಯ್ದ ಮಹಾನುಭಾವರು! ಹಿಂದಿನ ದಿನ ಅದನ್ನು ತುಂಬಿಸಿ ಒಳಗಿಟ್ಟವಳು ನಾನೇ.

ಬೀಗ ಸಡಿಲವಿತ್ತು, ಗೌರಿಯೇ ಮಂಪರಿನಲ್ಲಿ ಎದ್ದು ಕುಡಿದಿರಬೇಕು ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಕೈ ಎತ್ತಲಾರದವಳು ಹೇಗೆ ಎದ್ದಾಳು? ಎದ್ದರೂ ಎರಡು ಲೋಟ ಯಾಕೆ? ನನಗೆ ಇವತ್ತಿಗೂ ತಿಳಿದಿಲ್ಲ.

ಗೌರಿ ಉಳಿದಳು. ಅಂದು ಬೆಳಿಗ್ಗೆ ಕಣ್ಣು ಬಿಟ್ಟವಳೇ ತಾಯಿಯನ್ನು ಕೇಳಿದಳು: “ಅಕ್ಕ ಎಲ್ಲಿ ಹೋದ್ಲು? ಮದ್ಲು ತಾನು ಕುಡುದು, ಆಮ್ಯಾಲೆ ನಂಗೆ ಕುಡಿಸಿದ್ಲು. ಹಲ್ಲು ಜುಂ ಅನ್ನೋವಷ್ಟು ತಣ್ಣಗಿತ್ತು.”

ಡಾಕ್ಟರು ನನ್ನ ಮುಖ ನೋಡಿದರು. ಹಾಲಮ್ಮ ನಮ್ಮಿಬ್ಬರನ್ನೂ ನೋಡಲಿಲ್ಲ. ಮಗಳ ಕೈ ಹಿಡಿದುಕೊಂಡು ಕೇಳಿದರು:

“ಹೊಟ್ಟೆ ತುಂಬ ಕುಡುದ್ಲೇನವ್ವಾ ಅವಳು?”