ದರ್ಜಿ ಕತ್ತರಿಸಿದ ಉಸಿರು

ಸ್ಟುಡಿಯೋದವರೆಲ್ಲ ಅವನನ್ನು ದರ್ಜಿ ಎಂದೇ ಕರೆಯುತ್ತಿದ್ದರು. ಸೂಜಿದಾರ ಮುಟ್ಟಿದವನಲ್ಲ, ಮೂವತ್ತು ವರ್ಷ ರೆಕಾರ್ಡಿಂಗ್ ಟೇಪನ್ನು ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ, ಅಂಟುಪಟ್ಟಿ ಹಚ್ಚಿ ಜೋಡಿಸಿದವನು. ಜೋಡಿಸಿದ ಜಾಗ ಯಾರ ಕಿವಿಗೂ ಸಿಗುತ್ತಿರಲಿಲ್ಲ. ಆ ಜಂಬವೂ ಅವನಿಗೆ ಸ್ವಲ್ಪ ಹೆಚ್ಚೇ ಇತ್ತು.

ಅವನ ತಮ್ಮ ಜಾಝ್ ತಂಡವೊಂದರಲ್ಲಿ ಸ್ಯಾಕ್ಸೊಫೋನ್ ನುಡಿಸುತ್ತಿದ್ದ. ಮೊದಲ ರೆಕಾರ್ಡಿಗೆ ಒಂದೇ ಹಾಡನ್ನು ಐದು ಸಲ ನುಡಿಸಿದ. ಜಾಝಿನಲ್ಲಿ ಒಮ್ಮೆ ನುಡಿಸಿದ್ದು ಮತ್ತೊಮ್ಮೆ ಹಾಗೇ ಬರುವುದಿಲ್ಲವಲ್ಲ, ಐದೂ ಬೇರೆ ಬೇರೆ. ನಿರ್ಮಾಪಕ, ನುಡಿಸೋದು ಅವರದು ರೆಕಾರ್ಡು ನನ್ನದು ಎನ್ನುವ ಆಸಾಮಿ. ತಂಡ ಹೊರಟ ಮೇಲೆ ದರ್ಜಿಯ ಮೇಜಿಗೆ ಬಂದು, "ಎರಡನೇದರ ಆರಂಭ, ಐದನೇದರ ಕೊನೆ. ನಡುವೆ ಉಸಿರು ಎಳೆದುಕೊಳ್ಳೋದು ಬೇಡ, ತೆಗೆದುಬಿಡಿ," ಎಂದ. ದರ್ಜಿ ಗೇಣುದ್ದ ಟೇಪು ಕತ್ತರಿಸಿ ಬುಟ್ಟಿಗೆ ಹಾಕಿದ. ಜೋಡಿಸಿ ಕೇಳಿದಾಗ ಉದ್ದದ ಆ ಸಾಲೆಲ್ಲ ಒಂದೇ ಉಸಿರಿನಲ್ಲಿ ನುಡಿಸಿದಂತಿತ್ತು, ಅವನ ಮೈ ಜುಮ್ಮೆಂದಿತು.

ಮರುದಿನ ತಮ್ಮ, "ಯಾವುದನ್ನ ಆರಿಸಿದ್ರಿ?" ಎಂದು ಕೇಳಿದ. "ಐದನೇದು," ಎಂದ ನಿರ್ಮಾಪಕ. ದರ್ಜಿ ತಲೆ ಬಗ್ಗಿಸಿ ಬ್ಲೇಡು ಒರೆಸತೊಡಗಿದ.

ರೆಕಾರ್ಡು ಮನೆಮಾತಾಯಿತು. ತಂಡ ಹೋದಲ್ಲೆಲ್ಲ ಜನ ಅದನ್ನೇ, ಹಾಗೆಯೇ ನುಡಿಸಿ ಎಂದು ಕೇಳತೊಡಗಿದರು. ತಮ್ಮ ವೇದಿಕೆಯ ಮೇಲೆ ಉಸಿರು ಸಾಲದೆ ಅರ್ಧಕ್ಕೇ ನಿಲ್ಲುತ್ತಿದ್ದ. ರೆಕಾರ್ಡು ಹಾಕಿಕೊಂಡು ತುಟಿ ಒಡೆಯುವ ತನಕ ಅಭ್ಯಾಸ ಮಾಡಿದ. ಸಿಗರೇಟು ಬಿಟ್ಟ. ಡಾಕ್ಟರಿಗೆ ಎದೆ ತೋರಿಸಿದ. ಒಂದು ದಿನ ಊಟದ ನಡುವೆ, "ಅವತ್ತು ಆಗಿದ್ದು ಇವತ್ತು ಯಾಕಣ್ಣ ಆಗ್ತಿಲ್ಲ?" ಎಂದ.

ನಾಲಿಗೆಯ ತುದಿಗೆ ಬಂದ ಮಾತನ್ನು ದರ್ಜಿ ತುತ್ತಿನ ಜೊತೆ ನುಂಗಿದ. ನಿರ್ಮಾಪಕನ ಹೆದರಿಕೆಯೇನಲ್ಲ. ಆ ಜೋಡಣೆ ಅವನ ಬದುಕಿನ ಅತಿ ಒಳ್ಳೆಯ ಕೆಲಸ. ಅದನ್ನು ಮೋಸ ಎಂದು ತಾನೇ ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ. ಇಂಥ ಜಂಬಕ್ಕೆ ಬೆಂಕಿ ಬೀಳ.

ಎರಡು ವರ್ಷಕ್ಕೆ ತಮ್ಮ ತಂಡ ಬಿಟ್ಟು ಬಸ್ ಡಿಪೋದಲ್ಲಿ ಗುಮಾಸ್ತನಾದ. ಮತ್ತೆ ವಾದ್ಯ ಮುಟ್ಟಲಿಲ್ಲ. ಅದಾಗಿ ಹನ್ನೊಂದು ವರ್ಷದ ಮೇಲೆ, ಒಂದು ಮಧ್ಯಾಹ್ನ ದರ್ಜಿ ಡಿಪೋಗೆ ಹೋಗಿ, ಫೈಲುಗಳ ಮಧ್ಯೆ ಕೂತಿದ್ದ ಅವನಿಗೆ ಎಲ್ಲವನ್ನೂ ಹೇಳಿದ.

ತಮ್ಮ ಬೈಯಲಿಲ್ಲ. ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದ.

"ಐದೂ ಸಲ ನಾನು ಅಲ್ಲಿ ಉಸಿರು ಎಳಕೊಂಡಿದ್ನಾ?"

"ಐದೂ ಸಲ."

"ಆಗ ಹೇಗಿತ್ತಣ್ಣ, ನಾನು ನುಡಿಸಿದ್ದು?"

"ಚೆನ್ನಾಗೇ ಇತ್ತು ಕಣೋ," ಎಂದ ದರ್ಜಿ. ಅಷ್ಟು ವರ್ಷಗಳಲ್ಲಿ ಅವನು ತಮ್ಮನಿಗೆ ಆ ಮಾತು ಹೇಳಿದ್ದು ಅದೇ ಮೊದಲು.