ಗುಮ್ಮಟ ಮುಚ್ಚಿದ್ದ ರಾತ್ರಿ

ಇದು ನನಗೇ ಆದದ್ದು. ಅಳತೆಗೆ ಸಿಗದ್ದನ್ನು ಒಪ್ಪಬಾರದೆಂದು ಕಲಿಸುವ ಕಡೆ ಅರ್ಧ ಆಯುಷ್ಯ ಕಳೆದವಳು ನಾನು. ಯಾರಾದರೂ ದೆವ್ವದ ಮಾತೆತ್ತಿದರೆ ನಗುತ್ತಿದ್ದೆ. ಈಗ ನಗು ಬರುವುದಿಲ್ಲ...

ಮುಂಬೈಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ನಮ್ಮದು ಗ್ಯಾಲಕ್ಸಿಗಳ ನಕ್ಷೆ ಮಾಡುವ ಕೆಲಸ. ಒಂದೊಂದು ಗ್ಯಾಲಕ್ಸಿಯ ಬೆಳಕನ್ನೂ ಬಣ್ಣಗಳಾಗಿ ಬಿಡಿಸಿ, ಅದರೊಳಗಿನ ಗೆರೆಗಳು ಕೆಂಪಿನ ಕಡೆಗೆ ಎಷ್ಟು ಸರಿದಿವೆ ಎಂದು ನೋಡಿ, ಅದು ಎಷ್ಟು ದೂರದಲ್ಲಿದೆ ಎಂದು ಲೆಕ್ಕ ಹಾಕುತ್ತೇವೆ. ಹೀಗೆ ಲಕ್ಷಗಟ್ಟಲೆ ಗ್ಯಾಲಕ್ಸಿಗಳನ್ನು ಗುರುತಿಸಿದರೆ ವಿಶ್ವ ಜೇಡರ ಬಲೆಯ ಹಾಗೆ ಕಾಣುತ್ತದೆ. ಎಳೆಗಳು, ಗಂಟುಗಳು, ನಡುವೆ ದೊಡ್ಡ ದೊಡ್ಡ ಖಾಲಿ ಜಾಗಗಳು.

ಅಂಥ ಒಂದು ಖಾಲಿ ಜಾಗವನ್ನು ಕಂಡುಹಿಡಿದೇ ನಮ್ಮ ಮುಖ್ಯಸ್ಥರು ದೊಡ್ಡವರಾಗಿದ್ದು. ಅದು ಪೂರ್ತಿ ಖಾಲಿಯಲ್ಲ, ನಡುವೆ ತೆಳುವಾದ ಎಳೆಯೊಂದು ಹಾದುಹೋಗಿದೆ ಎಂದವಳು ರೆಹಾನಾ. ವಿಜಯಪುರದ ಕಡೆಯವರ ಮಗಳು, ಬೆಳೆದದ್ದು ಜೋಗೇಶ್ವರಿಯಲ್ಲಿ. ನನಗಿಂತ ಚಿಕ್ಕವಳು, ನನ್ನನ್ನು ಅಕ್ಕ ಎನ್ನುತ್ತಿದ್ದಳು. ಮೀಟಿಂಗಿನಲ್ಲಿ ಮುಖ್ಯಸ್ಥರು ಎಲ್ಲರೆದುರು, ನೀನು ತೋರಿಸುತ್ತಿರುವುದು ಎಳೆಯಲ್ಲ, ಕಸ ಎಂದುಬಿಟ್ಟರು. ಅವಳ ಗುತ್ತಿಗೆಯೂ ಮುಂದುವರಿಯಲಿಲ್ಲ. ಆ ಮಳೆಗಾಲದಲ್ಲೇ ಡೆಂಗಿ ಬಂದು ತೀರಿಕೊಂಡಳು. ನಮ್ಮಲ್ಲಿ ಮೌನ ಆಚರಿಸಿ, ಚಹಾ ಕುಡಿದು, ಎಲ್ಲರೂ ಕೆಲಸಕ್ಕೆ ಮರಳಿದೆವು.

ಅವಳು ಮಣ್ಣಾದ ಮೇಲೆ ಮುಖ್ಯಸ್ಥರಿಗೆ ಆ ಎಳೆ ಕಾಣತೊಡಗಿತು. ತನಗೆ ಮೊದಲಿನಿಂದಲೂ ಅನುಮಾನವಿತ್ತು ಎಂದರು. ಖಚಿತಪಡಿಸಲು ಆ ಎಳೆಯ ನಡುವಿನ ಒಂದು ಮಸುಕು ಗ್ಯಾಲಕ್ಸಿಯ ದೂರ ಬೇಕಿತ್ತು. ಅದನ್ನು ಅಳೆಯಲು ನನ್ನನ್ನೇ ಕೂರಿಸಿದರು.

ದೂರದರ್ಶಕ ಇರುವುದು ಉತ್ತರದ ಬೆಟ್ಟವೊಂದರ ಮೇಲೆ. ಅಲ್ಲಿಗೆ ಹೋಗಬೇಕಾಗಿಲ್ಲ. ಇಲ್ಲೇ ಕಂಪ್ಯೂಟರ್ ಮುಂದೆ ಕೂತು, ಅಲ್ಲಿನ ಆಪರೇಟರ್ ಜತೆ ಹೆಡ್‌ಫೋನಿನಲ್ಲಿ ಮಾತಾಡುತ್ತ ಗುರಿ ಹಿಡಿಯುತ್ತೇವೆ. ಅವತ್ತು ಅಲ್ಲಿದ್ದವನು ನೇಗಿ. ಪಹಾಡಿ ಮನುಷ್ಯ, ನಮ್ಮ ಮಾತೆಲ್ಲ ಹಿಂದಿಯಲ್ಲೇ.

ಮಧ್ಯರಾತ್ರಿ ದಾಟಿತ್ತು. ಇಡೀ ಮಹಡಿಯಲ್ಲಿ ನಾನೊಬ್ಬಳೇ. ಎಸಿಯ ಗೊರಗೊರ... ಕಿವಿಯಲ್ಲಿ ಲೈನಿನ ಸುಯ್‌ ಎನ್ನುವ ಸದ್ದು...

"ಮೇಡಂ, ಬಾದಲ್ ಆ ರಹೇ ಹೈಂ," ಎಂದ ನೇಗಿ. ಮೋಡ ಕವಿಯುತ್ತಿತ್ತು. ಮುಂದಿನ ಮಾತು ಒಡೆದುಹೋಯಿತು. ಸುಯ್‌ ಸದ್ದೊಂದೇ ಉಳಿಯಿತು.

ಆದರೆ ಪರದೆಯ ಮೇಲಿನ ಆಕಾಶ ಸ್ವಚ್ಛವಾಗಿತ್ತು. ಮೋಡ ಸರಿದಿರಬೇಕೆಂದುಕೊಂಡು ಗುರಿ ಹೊಂದಿಸತೊಡಗಿದೆ.

"ಅದಲ್ಲ ಅಕ್ಕಾ... ಸ್ವಲ್ಪ ಪೂರ್ವಕ್ಕ ಸರಸ್ರಿ."

ಸರಿಸಿದೆ. "ಇಷ್ಟು ಸಾಕಾ?" ಎಂದೆ.

"ಇನ್ನೊಂಚೂರು... ಹಾಂ. ಈಗ ತಗೋರಿ."

ಬಟನ್ ಒತ್ತಿದೆ. ಬೆಳಕು ಸಂಗ್ರಹವಾಗತೊಡಗಿತು. ಆಗ ಹೊಳೆಯಿತು...

ನೇಗಿಗೆ ಕನ್ನಡ ಬರುವುದಿಲ್ಲ.

ಹೆಡ್‌ಫೋನ್ ಕಿತ್ತೆಸೆಯಲು ಕೈಯೇ ಏಳಲಿಲ್ಲ. ಕೋಣೆಯ ತುಂಬ ಲವಂಗದ ವಾಸನೆ. ನಿದ್ದೆ ಬರಬಾರದೆಂದು ರೆಹಾನಾ ರಾತ್ರಿಯಿಡೀ ಲವಂಗ ಅಗಿಯುತ್ತಿದ್ದಳು...

"ರೆಹಾನಾ?"

ಯಾರೋ ಉಸಿರು ಬಿಟ್ಟ ಸದ್ದು. ಆಮೇಲೆ ಬಹಳ ಮೆಲ್ಲಗೆ, "ಕಸ ಅಂದ್ರಲ್ಲಕ್ಕಾ ಅವರು..."

ಹೇಗೆ ಮೆಟ್ಟಿಲಿಳಿದೆನೋ ತಿಳಿಯದು. ಬೆಳಗಾಗುವವರೆಗೆ ಗೇಟಿನಲ್ಲಿ ವಾಚ್‌ಮನ್ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೆ. ಅವನು ಏನಾಯಿತೆಂದು ಕೇಳಿದ. ಹೊಟ್ಟೆನೋವು ಅಂದೆ.

ಬೆಳಿಗ್ಗೆ ನೇಗಿಯ ಫೋನ್ ಬಂತು. ಲೈನ್ ಕಟ್ಟಾದ ಕೂಡಲೇ ಹಿಮ ಬೀಳತೊಡಗಿತು, ದೂರದರ್ಶಕದ ಗುಮ್ಮಟ ಮುಚ್ಚಿದವನು ಮತ್ತೆ ತೆರೆಯಲೇ ಇಲ್ಲ, ರಾತ್ರಿ ದಂಡವಾಯಿತು ಎಂದು ಕ್ಷಮೆ ಕೇಳಿದ.

ನನ್ನ ಕಂಪ್ಯೂಟರಿನಲ್ಲಿ ಮಾತ್ರ ಫೈಲ್ ಇತ್ತು. ಆ ಗ್ಯಾಲಕ್ಸಿಯ ಬೆಳಕು, ಗೆರೆಗಳೆಲ್ಲ ಎದ್ದು ಕಾಣುವಂತೆ. ಲೆಕ್ಕ ಹಾಕಿದೆ. ರೆಹಾನಾ ಹೇಳಿದ್ದ ದೂರದಲ್ಲೇ ಇತ್ತು ಅದು.

ಮುಖ್ಯಸ್ಥರ ಬಳಿ ಹೋದೆ. ದನಿಯ ವಿಷಯ ಬಾಯಿಗೆ ಬರಲಿಲ್ಲ. "ಗುಮ್ಮಟ ಮುಚ್ಚಿತ್ತಂತೆ ಸರ್. ಇದನ್ನು ಬಳಸಬಾರದು," ಎಂದೆ.

"ಆಪರೇಟರ್ ನಿದ್ದೆ ಮಾಡಿರ್ತಾನೆ, ಈಗ ಕಥೆ ಕಟ್ತಾನೆ. ಡೇಟಾ ಚೆನ್ನಾಗಿದೆ ತಾನೇ?"

"ಹಾಗಾದರೆ ಪ್ರಬಂಧದಲ್ಲಿ ರೆಹಾನಾಳ ಹೆಸರಾದರೂ ಹಾಕಿ."

"ಅವಳೆಲ್ಲಿದ್ದಾಳೆ ಈಗ?" ಎಂದರು, ಪರದೆಯಿಂದ ಕಣ್ಣು ತೆಗೆಯದೆ.

ಹಾಗಿದ್ದರೆ ನನ್ನ ಹೆಸರೂ ಬೇಡ ಅಂದೆ. ಅದನ್ನು ಮಾತ್ರ ತಕ್ಷಣ ಒಪ್ಪಿದರು.

ಪ್ರಬಂಧ ಅಚ್ಚಾಯಿತು. ಬೇರೆ ದೇಶದವರು ತಮ್ಮ ದೂರದರ್ಶಕದಲ್ಲಿ ಮತ್ತೆ ಅಳೆದರು. ಅಳತೆ ಸರಿಯಾಗಿಯೇ ಇತ್ತು. ಮುಖ್ಯಸ್ಥರಿಗೆ ಹಾರ, ಶಾಲು, ಭಾಷಣ.

ಒಂದು ಭಾನುವಾರ ಸಂಜೆ ಚೆಂಬೂರಿನ ನನ್ನ ಮನೆಯಿಂದ ಹೊರಟು, ದಾರಿಯಲ್ಲಿ ಲೋಕಲ್ ಬದಲಿಸಿ ಜೋಗೇಶ್ವರಿಗೆ ಹೋದೆ. ರೆಹಾನಾಳ ತಾಯಿ ಈಗ ಚಾಳಿನ ಆ ಮನೆಯಲ್ಲಿ ಒಬ್ಬರೇ. ಚಹಾ ಕೊಟ್ಟು ಎದುರಿಗೆ ಕೂತರು. ನಾನು ಬಾಯಿ ತೆರೆಯುವ ಮೊದಲೇ ಅವರೇ ಶುರುಮಾಡಿದರು.

"ಆಕಿ ಹೋದ ಮ್ಯಾಲ ಒಂದಿನ ರಾತ್ರಿ ಆಕಿ ದನಿ ಕೇಳೀನಿ ಬೇಟಾ. ಯಾರ ಮುಂದೂ ಅಂದಿಲ್ಲ. ತಲಿ ಕೆಟ್ಟದ ಅಂತಾರ."

"ಏನಂದಳು ಅಮ್ಮಾ?"

"ನನ್ನ ಜೋಡಿ ಅಲ್ಲ. ಒಳಗ ಖೋಲ್ಯಾಗ ಕುಂತು ಯಾರ ಜೋಡಿನೋ ಮಾತಾಡಾಕತ್ತಿದ್ಲು. ಅಕ್ಕಾ, ಅಕ್ಕಾ ಅಂತಿದ್ಲು. ಹೋಗಿ ನೋಡ್ಬೇಕಂದೆ... ಕೆಲಸದಾಗ ಇದ್ದಾಗ ಕರದ್ರ ಆಕಿಗೆ ಸಿಟ್ಟು. ಬಾಗಲದಾಗ ನಿಂತು ಕೇಳಿ ಬಂದೆ."

ಯಾವ ರಾತ್ರಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಲೋಟ ಕೆಳಗಿಟ್ಟೆ.

"ಆಕಿ ಕೆಲಸ ಮುಗೀತಂತಲ್ಲ. ಪೇಪರಿನಾಗ ಆಕಿ ಹೆಸರು ಬಂತೇನು?"

"ಇಲ್ಲಮ್ಮಾ," ಎಂದೆ. "ಬರಲಿಲ್ಲ."

ಅವರು ಚಿಲಕ ಹಾಕಿದ್ದ ಒಳಗಿನ ಬಾಗಿಲ ಕಡೆ ಗಾಬರಿಯಿಂದ ನೋಡಿದರು. ನನ್ನ ಮೊಣಕೈ ಹಿಡಿದು ಹತ್ತಿರಕ್ಕೆ ಎಳೆದುಕೊಂಡರು.

"ಮೆಲ್ಲಕ ಬೇಟಾ... ಆಕಿಗೆ ಕೇಳಸ್ತದ."