ಗೋಡೆಗೆ ಮುಖ ಮಾಡಿಸುವ ಸ್ಕ್ರೂ ಅಕ್ಕ

ಭಾನುವಾರ, ಬೆಳಗಿನ ಐದೂಮುಕ್ಕಾಲು. ಬೀದಿದೀಪ ಇನ್ನೂ ಆರಿಲ್ಲ. ಮೆಟ್ಟಿಲ ಕೆಳಗಿನ ಪುಟ್ಟ ಅಂಗಡಿಯ ಷಟರ್ ಮಾತ್ರ ಮಂಡಿಯೆತ್ತರಕ್ಕೆ ಎದ್ದಿದೆ. ಒಳಗೆ ಸ್ಟೂಲಿನ ಮೇಲೆ ಕೂತ ಹೆಂಗಸೊಬ್ಬರು ಕಂಪ್ಯೂಟರಿನ ಪಕ್ಕೆ ಬಿಚ್ಚಿಟ್ಟು, ಗೋಡೆಗೆ ಬಣ್ಣ ಹೊಡೆಯುವ ಬ್ರಷ್ಷಿನಿಂದ ಫ್ಯಾನಿನ ರೆಕ್ಕೆಗಳ ಧೂಳು ಕೀಳುತ್ತಿದ್ದಾರೆ. ಧೂಳಿನ ಜೊತೆ ಒಂದು ಅಂಗಿ ಗುಂಡಿ, ಎರಡು ಸತ್ತ ಜಿರಲೆ, ಒಂದು ಮಾತ್ರೆ ಉದುರುತ್ತವೆ.

"ಬಿಪಿ ಮಾತ್ರೆ ಇದು. ನುಂಗಿದೀನಿ ಅಂತ ಮನೇಲಿ ಸುಳ್ಳು ಹೇಳಿರ್ತಾರೆ ಈ ಕಂಪ್ಯೂಟರಿನ ಅಣ್ಣ," ಎಂದು ಅದನ್ನು ಪಕ್ಕಕ್ಕಿಡುತ್ತಾರೆ.

ಬೀದಿಗೆಲ್ಲ ಇವರು ಸ್ಕ್ರೂ ಅಕ್ಕ. ಸ್ವಂತ ಅತ್ತೆಯೂ ಹಾಗೆಯೇ ಕರೆಯುತ್ತಾರೆ. ಹೊಸ ಆಟಗಳ ಭಾರಕ್ಕೆ ಹಳೆ ಕಂಪ್ಯೂಟರ್ ಏದುಸಿರು ಬಿಡತೊಡಗಿದಾಗ, ಕೈಯಲ್ಲಿರುವ ಚೂರುಪಾರು ಹಣಕ್ಕೆ ಯಾವ ಭಾಗ ಬದಲಿಸಿದರೆ ಸರಿ ಎಂದು ಕೇಳಲು ಜನ ಇಲ್ಲಿಗೆ ಬರುತ್ತಾರೆ. ದಿನಕ್ಕೆ ಆರೇಳು ಯಂತ್ರಗಳು. ಇನ್ನೂರಕ್ಕೆ ಕಡಿಮೆಯಿಲ್ಲದ ಸ್ಕ್ರೂಗಳು. ಪರದೆಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡೇ ಬೇಕೆಂದು ಹಟ ಹಿಡಿದು ಬರುವ ಹತ್ತು ಜನರಲ್ಲಿ ಅದು ನಿಜಕ್ಕೂ ಬೇಕಾಗಿರುವುದು ನಾಲ್ವರಿಗೆ ಎನ್ನುವುದು ಅಕ್ಕನ ಅಂದಾಜು.

ಟಿ.ವಿ. ಕಾರ್ಖಾನೆಯೊಂದರಲ್ಲಿ ಹನ್ನೊಂದು ವರ್ಷ ಬೆಸುಗೆ ಹಾಕಿದ ಕೈ ಇದು. ಕಾರ್ಖಾನೆಗೆ ಬೀಗ ಬಿದ್ದಾಗ ಕೈಕಟ್ಟಿ ಕೂರಲಾಗದೆ, ಗುಜರಿಯಿಂದ ಸತ್ತ ಕಂಪ್ಯೂಟರುಗಳನ್ನು ತಂದು ಅಡುಗೆಮನೆಯ ನೆಲದ ಮೇಲೆ ಹರವಿಕೊಂಡು ಕಲಿತರು. ಅಂಗಡಿ ತೆರೆದ ಮೊದಲ ವರ್ಷ ಬಂದವರೆಲ್ಲ ಕತ್ತು ನೀಳ ಮಾಡಿ ಒಳಗೆ ಇಣುಕಿ, "ಯಜಮಾನ್ರು ಇಲ್ವಾ?" ಎನ್ನುತ್ತಿದ್ದರು.

"ಇದ್ದಾರೆ, ಮೇಲೆ ಅಡುಗೆ ಮಾಡ್ತಿದ್ದಾರೆ. ನಿಮಗೆ ಕಂಪ್ಯೂಟರ್ ಆಗ್ಬೇಕಾ, ಊಟ ಆಗ್ಬೇಕಾ, ಅಂತಿದ್ದೆ," ಎಂದು ಅಕ್ಕ ನಗುತ್ತಾರೆ.

ಈ ಅಂಗಡಿಗೆ ಒಂದು ವಿಚಿತ್ರ ಕಟ್ಟಳೆಯಿದೆ. ಅಕ್ಕನ ಬಳಿ ಪರೀಕ್ಷೆಗೆಂದೇ ಇಟ್ಟ ಭಾಗಗಳ ಒಂದು ಬಿಸ್ಕತ್ ಡಬ್ಬವಿದೆ. ಗಿರಾಕಿಯನ್ನು ಗೋಡೆಗೆ ಮುಖ ಮಾಡಿ ಕೂರಿಸಿ, ಡಬ್ಬದಿಂದ ಒಂದೊಂದೇ ಭಾಗ ಅವರ ಯಂತ್ರಕ್ಕೆ ಹಾಕುತ್ತಾರೆ. ಆಮೇಲೆ ತಿರುಗಿ ಆಡಬೇಕು. ಪ್ರತಿಸಲವೂ ಅದೇ ಆಟ, ಅದೇ ಜಾಗ. ಹಾಕಿದ್ದು ಯಾವ ಭಾಗ, ಅದರ ಬೆಲೆ ಎಷ್ಟು ಎಂದು ಮಾತ್ರ ಬಾಯಿ ಬಿಡುವುದಿಲ್ಲ.

ಇದು ಪೆಟ್ಟು ತಿಂದು ಕಲಿತ ಪಾಠ. ಹಿಂದೊಮ್ಮೆ ಸಲೂನಿನವರೊಬ್ಬರಿಗೆ ಬೆಲೆ ಹೇಳಿಯೇ ಕಾರ್ಡ್ ಹಾಕಿ ತೋರಿಸಿದ್ದರು. ಬೆಣ್ಣೆಯ ಹಾಗೆ ಓಡ್ತಿದೆ ಎಂದು ಅವರು ಕುಣಿದಾಡಿ ಕೊಂಡುಹೋದರು. ನಾಲ್ಕೇ ದಿನಕ್ಕೆ ಸಪ್ಪೆ ಮುಖ ಹೊತ್ತು ಮರಳಿದರು. ಆಟ ಮೊದಲಿನ ಹಾಗೇ ತೊದಲುತ್ತಿತ್ತು. "ಅಷ್ಟು ದುಡ್ಡಿನ ಮಾಲು ಅಂದ್ಮೇಲೆ ಅವರ ಕಣ್ಣಿಗೆ ಚೆನ್ನಾಗೇ ಕಂಡಿತ್ತು. ನನ್ನ ಕಣ್ಣಿಗೂ ಕಾಣ್ತು ನೋಡಿ, ಅದೇ ತಪ್ಪು," ಎನ್ನುವಾಗ ಅಕ್ಕನ ದನಿ ತಗ್ಗುತ್ತದೆ.

ಏಳು ಗಂಟೆಗೆ ಮಾತ್ರೆಯ ಒಡೆಯರು ಬರುತ್ತಾರೆ. ಅರವತ್ತಾರರ ಲಾರಿಯಣ್ಣ. ಮೂವತ್ತು ವರ್ಷ ಲಾರಿ ಓಡಿಸಿ, ಕಣ್ಣು ಮಂಜಾದ ಮೇಲೆ ಕೀಲಿಕೈ ಒಪ್ಪಿಸಿದವರು. ಈಗ ಪ್ರತಿ ಭಾನುವಾರ ಸಂಜೆ ಆರಕ್ಕೆ, ದೂರದ ಊರಲ್ಲಿರುವ ತಮ್ಮ ಹಳೆಯ ಕ್ಲೀನರ್ ಜೊತೆ ಕಂಪ್ಯೂಟರಿನಲ್ಲಿ ಲಾರಿ ಓಡಿಸುತ್ತಾರೆ. ಇಪ್ಪತ್ತು ಮನೆಗಳಿಂದ ಇಪ್ಪತ್ತು ಲಾರಿಗಳು ಒಂದೇ ಸಾಲಿನಲ್ಲಿ ಸಾಗುವ ಆಟವದು. ಆದರೆ ಪಟ್ಟಣದ ತಿರುವು ಬಂತೆಂದರೆ ಅಣ್ಣನ ಲಾರಿ ಕಲ್ಲಾಗಿ ನಿಲ್ಲುತ್ತದೆ, ಹಿಂದಿನವರು ಬಂದು ಗುದ್ದುತ್ತಾರೆ. ಇನ್ನೊಮ್ಮೆ ಹೀಗಾದರೆ ಸಾಲಿನಿಂದ ತೆಗೆಯುತ್ತೇವೆ ಎಂದು ಗುಂಪಿನವರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಾರೆ.

"ಅವನಿಗೆ ಗೇರು ಹಾಕೋದು ಕಲಿಸಿದವನು ನಾನು ತಂಗಿ. ಈಗ ಅವನೇ ನನ್ನ ಪರವಾಗಿ ಎಲ್ಲರ ಹತ್ರ ಗೋಗರೀತಾನೆ. ಏನು ಮರ್ಯಾದೆ ಉಳೀತು ಹೇಳು," ಎಂದು ಅಣ್ಣ ಒಂದು ಲಕೋಟೆ ಮುಂದಿಡುತ್ತಾರೆ. "ಇಷ್ಟೇ ಇರೋದು. ಒಂದೇ ಸಾಮಾನು ಬರುತ್ತೆ. ದೊಡ್ಡ ಕಾರ್ಡೇ ಹಾಕ್ಬಿಡು."

"ಲಕೋಟೆ ಒಳಗಿಡಿ ಅಣ್ಣ. ಇವತ್ತಿನ ಮಾತ್ರೆಯಾದ್ರೂ ನುಂಗಿ, ಗೋಡೆ ಕಡೆ ತಿರುಗಿ."

"ಇಸ್ಕೂಲಲ್ಲೂ ಹಿಂಗೇ ಕೂರಿಸ್ತಿದ್ರು."

"ಆಗ್ಲೂ ಹಿಂತಿರುಗಿ ನೋಡ್ತಿದ್ರೇನೋ. ನೋಡ್ಬೇಡಿ ಅಂದೆ!" ಎಂದು ಮೂಲೆಯಿಂದ ಅತ್ತೆ ಗದರುತ್ತಾರೆ. ಕಾವಲು ಅವರ ಇಲಾಖೆ.

ಮೊದಲ ಸರದಿ. ಅಣ್ಣ ತಿರುಗಿ ಓಡಿಸುತ್ತಾರೆ. ನೆಟ್ಟನೆ ರಸ್ತೆ, ಸೇತುವೆ, ಪಟ್ಟಣ, ತಿರುವು. ಲಾರಿ ಗಕ್ಕೆಂದು ನಿಲ್ಲುತ್ತದೆ. "ಇದಲ್ಲ ತಂಗಿ. ಏನೂ ಪ್ರಯೋಜನ ಇಲ್ಲ." ಎರಡನೆಯ ಸರದಿಯಲ್ಲಿ ತುಸು ವಾಸಿ, ಆದರೂ ಮುಗ್ಗರಿಸುತ್ತದೆ. ಅಕ್ಕನ ಹುಬ್ಬು ಗಂಟಿಕ್ಕುತ್ತದೆ. ಇನ್ನೊಂದೇ ಊಹೆ ಉಳಿದಿದೆ. ಅದೂ ಸುಳ್ಳಾದರೆ ಸಂಜೆಯ ಸಾಲು ಕೈತಪ್ಪಿದಂತೆಯೇ. ಅತ್ತೆ ಕೊಟ್ಟ ಚಹಾ ಅಣ್ಣನ ಕೈಯಲ್ಲಿ ಆರುತ್ತಿದೆ.

ಮೂರನೆಯ ಸರದಿ. ಸೇತುವೆ ದಾಟುತ್ತದೆ. ಪಟ್ಟಣ ಬರುತ್ತದೆ. ತಿರುವಿನಲ್ಲಿ ಲಾರಿ ತೂಗಿಕೊಂಡು, ತಡವರಿಸದೆ, ನೀರು ಹರಿದ ಹಾಗೆ ಹೊರಳಿಕೊಳ್ಳುತ್ತದೆ. ಅಣ್ಣ ಪೋಂ ಎಂದು ಹಾರನ್ ಒತ್ತಿದ ರಭಸಕ್ಕೆ ಅತ್ತೆ ಬೆಚ್ಚಿಬೀಳುತ್ತಾರೆ.

"ಇದೇ! ನಾನು ಹೇಳ್ಲಿಲ್ವಾ? ದೊಡ್ಡ ಕಾರ್ಡ್ ಅಂದ್ರೆ ದೊಡ್ಡ ಕಾರ್ಡೇ!"

"ದೊಡ್ಡ ಕಾರ್ಡ್ ಮೊದಲನೇ ಸಲ ಹಾಕಿದ್ದೆ ಅಣ್ಣ. ಏನೂ ಪ್ರಯೋಜನ ಇಲ್ಲ ಅಂದ್ರಲ್ಲ," ಎಂದು ಅಕ್ಕ ಬೆಂಕಿಪೊಟ್ಟಣವನ್ನು ಚಪ್ಪಟೆ ಮಾಡಿದಂಥ ಕರಿಯ ತುಣುಕೊಂದನ್ನು ತೋರಿಸುತ್ತಾರೆ. ಆಟವನ್ನು ತುಂಬಿಟ್ಟುಕೊಳ್ಳುವ ಹೊಸ ಬಗೆಯ ಡಿಸ್ಕ್ ಅದು. ನಿಮ್ಮ ಹಳೇ ಡಿಸ್ಕ್ ಪಟ್ಟಣದ ಮನೆಗಳನ್ನೆಲ್ಲ ಒಂದೊಂದಾಗಿ ಹೊತ್ತು ತರುವಷ್ಟರಲ್ಲಿ ಲಾರಿ ಕಾಯಬೇಕಾಗುತ್ತಿತ್ತು ಎಂದು ಬಿಡಿಸಿ ಹೇಳುತ್ತಾರೆ. ಲಕೋಟೆಯ ಮುಕ್ಕಾಲು ಪಾಲು ಅಣ್ಣನ ಜೇಬಿಗೇ ಮರಳುತ್ತದೆ. ಆರು ತಿಂಗಳಿಂದ ಮಾರಾಟವಾಗದ ದೊಡ್ಡ ಕಾರ್ಡ್ ಕಪಾಟಿನಲ್ಲೇ ಉಳಿಯುತ್ತದೆ.

"ಹಿಂಗಾದ್ರೆ ನೀನು ಉದ್ಧಾರ ಆದ ಹಾಗೇ," ಎನ್ನುತ್ತಾರೆ ಅತ್ತೆ, ಕಾರ್ಡಿನ ಧೂಳನ್ನು ಸೆರಗಿನಿಂದ ಒರೆಸುತ್ತ.

ಸಂಜೆ ಏಳೂಕಾಲಿಗೆ ಅಂಗಡಿಯ ಫೋನು ಹೊಡೆದುಕೊಳ್ಳುತ್ತದೆ. ಆ ಕಡೆ ಇಬ್ಬರು ಒಟ್ಟಿಗೇ ಮಾತಾಡುತ್ತಿದ್ದಾರೆ. "ಒಂದು ಕಡೆನೂ ನಿಲ್ಲಲಿಲ್ಲ ತಂಗಿ, ಸಾಲಿನ ಮುಂದೆ ನಾನೇ!" ಎನ್ನುತ್ತಾರೆ ಲಾರಿಯಣ್ಣ. "ಅಕ್ಕಾ, ಸ್ವಲ್ಪ ನಿಧಾನಕ್ಕೆ ಓಡ್ಸಕ್ಕೆ ಹೇಳಿ, ನನಗೆ ಹಿಡಿಯೋಕೇ ಆಗ್ತಿಲ್ಲ," ಎಂದು ಅಣ್ಣನ ಕಂಪ್ಯೂಟರಿನ ಸ್ಪೀಕರಿನಿಂದ ಗೊಣಗುವವರು ಕ್ಲೀನರ್.

ಫೋನಿಟ್ಟ ಮೇಲೂ ಅಕ್ಕನ ಮುಖದಲ್ಲಿ ನಗು ಉಳಿದಿದೆ. ನಿಮಗೂ ಏನಾದರೂ ಆಸೆಯಿದೆಯೇ ಎಂದು ಕೇಳಿದರೆ, ಸ್ಕ್ರೂಗಳನ್ನು ಅಂಗೈಯಲ್ಲಿ ಉರುಳಿಸುತ್ತ ತುಸು ನಾಚುತ್ತಾರೆ.

"ಇಷ್ಟು ವರ್ಷ ಎಷ್ಟೊಂದು ಆಟ ರಿಪೇರಿ ಮಾಡಿದೀನಿ. ಆಟ ಕೆಡ್ತಿದ್ದ ಜಾಗ ದಾಟ್ತಾ ಇದ್ದ ಹಾಗೇ ಆಫ್ ಮಾಡಿ ಕೊಟ್ಟು ಕಳಿಸ್ತೀನಿ. ಒಂದು ದಿನ ಯಾರಾದ್ರೂ ಅಂಗಡಿ ನೋಡ್ಕೊಂಡ್ರೆ, ಆ ತಿರುವಿನ ಆಚೆ ರಸ್ತೆ ಎಲ್ಲಿಗೆ ಹೋಗುತ್ತೆ ಅಂತ ಕೂತು ನೋಡ್ಬೇಕು."